ಬೀಗಣ್ಣ ಮಗಳನ್ನು ಕಾಲೇಜಿಗೆ ಸೇರಿಸಿದ್ದು

ಬೀಗಣ್ಣನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು, ಒಲೆಯ ಮೇಲೆ ಹಾಲಿಟ್ಟು ನಾನು ಬಾಗಿಲಾಚೆ ಸಿಕ್ಕಿಹಾಕಿಕೊಂಡ ದಿನ. ಕಸದ ಬುಟ್ಟಿ ಹೊರಗಿಡೋಣವೆಂದು ಒಂದು ಹೆಜ್ಜೆ ಆಚೆ ಇಟ್ಟಿದ್ದೆ, ಗಾಳಿಗೆ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಅದು ತಾನಾಗಿಯೇ ಬೀಳುವ ಬೀಗ. ಬೀಗದ ಕೈ ಒಳಗೆ ಮೊಳೆಯಲ್ಲಿ ನೇತಾಡುತ್ತಿತ್ತು. ನಮ್ಮ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ಮನೆಯಲ್ಲಿ ನಾನೊಬ್ಬಳೇ.

ಎದುರು ಮನೆಯ ಟೈಲರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಕಿಟಕಿಯಿಂದಲೇ ಕೂಗಿದಳು. “ಅಕ್ಕಾ, ಮಾರ್ಕೆಟ್ಟಿನ ಹಿಂದೆ ಬೀಗಣ್ಣ ಅಂತ ಒಬ್ರಿದ್ದಾರೆ. ಎಂಥಾ ಬೀಗ ಆದ್ರೂ ತೆಗೀತಾರೆ. ಆದ್ರೆ ಮನೆ ನಿಮ್ದೇ ಅಂತ ಮೊದ್ಲು ಅವರು ನಂಬಬೇಕು.”

“ನನ್ನ ಮನೆ ನಂದಲ್ದೆ ಇನ್ಯಾರ್ದು?”

“ಅದನ್ನ ಅವರಿಗೇ ಹೇಳಿ ನೋಡಿ,” ಎಂದು ನಕ್ಕಳು.

ಬಂದವರು ಸಣಕಲು ಆಸಾಮಿ. ಹೆಗಲಲ್ಲಿ ಚರ್ಮದ ಚೀಲ, ಬೆರಳ ತುದಿಗಳೆಲ್ಲ ಎಣ್ಣೆ ಕುಡಿದು ಕಪ್ಪಾಗಿದ್ದವು. ಬೀಗವನ್ನು ನೋಡಲೇ ಇಲ್ಲ, ನನ್ನನ್ನೇ ನೋಡುತ್ತಾ ನಿಂತರು.

“ಒಳಗೆ ಏನೇನಿದೆ ಹೇಳಿ. ಬೀದಿಯಿಂದ ಕಾಣೋದು ಬೇಡ.”

ನನಗೆ ಮೈಯೆಲ್ಲ ಉರಿಯಿತು. ಆದರೂ ಹೇಳಿದೆ. ಮಂಚದ ಒಂದು ಕಾಲಿಗೆ ಇಟ್ಟಿಗೆ ಒತ್ತಿಟ್ಟಿದೆ. ಬೀರುವಿನ ಬಾಗಿಲ ಒಳಗೆ ಯಜಮಾನರು ಗಡ್ಡ ಹೆರೆದುಕೊಳ್ಳುತ್ತಿದ್ದ ಕನ್ನಡಿ ಇದೆ, ಮೂಲೆ ಒಡೆದಿದೆ. ಗಡಿಯಾರ ನಿಂತುಹೋಗಿದೆ. ಆಮೇಲೆ ಅವರು ಮೊಣಕಾಲೂರಿ ಕೂತು, ಎರಡು ತಂತಿ ತೂರಿಸಿ, ಕಿವಿಯನ್ನು ಬಾಗಿಲಿಗೆ ಆನಿಸಿ ಏನೋ ಮಾಡಿದರು. ಬಾಗಿಲು ತೆರೆಯಿತು. ನನಗಿಂತ ಮೊದಲು ಅವರೇ ಒಳಗೆ ಹೋಗಿ ಮಂಚ, ಕನ್ನಡಿ, ಗಡಿಯಾರ ನೋಡಿ ಬಂದರು. ಅಡುಗೆಮನೆಯಿಂದ ಹೊಗೆ ಬರುತ್ತಿತ್ತು.

“ಒಲೆ ಮೇಲೆ ಹಾಲಿದೆ ಅಂತ ನೀವು ಹೇಳ್ಲೇ ಇಲ್ವಲ್ಲ,” ಎಂದರು. ನಾನೇ ಏನೋ ಮುಚ್ಚಿಟ್ಟಿದ್ದೆ ಅನ್ನುವಂತಿತ್ತು ಆ ಧಾಟಿ.

ಆ ಹಾಲಿನ ಪಾತ್ರೆ ಕೊನೆಗೂ ಬೆಳ್ಳಗಾಗಲಿಲ್ಲ. ಆದರೆ ಕೆಲವು ತಿಂಗಳಿಗೆ ಅದೇ ಬೀಗಣ್ಣ ನಮ್ಮ ಮನೆಯ ಮುಂದಿನ ಅಂಗಡಿಕೋಣೆಗೂ ಅದರ ಹಿಂದಿನ ಎರಡು ಕೋಣೆಗಳಿಗೂ ಬಾಡಿಗೆಗೆ ಬಂದರು. ಬರುವ ಮುಂಚೆ ನಲ್ಲಿಯ ನೀರನ್ನು ಮೂಸಿ ನೋಡಿದರು, ಗೋಡೆಯನ್ನು ಬೆರಳಿಂದ ತಟ್ಟಿದರು. ಇಷ್ಟು ಒಳ್ಳೆಯ ಕೋಣೆ ಇಷ್ಟು ದಿನ ಖಾಲಿ ಯಾಕಿತ್ತು ಎಂದು ಟೈಲರಮ್ಮನ ಹತ್ತಿರ ನನ್ನ ಬೆನ್ನ ಹಿಂದೆ ವಿಚಾರಿಸಿದರು. ಹೆಂಡತಿ ಮಗು ಹುಟ್ಟಿದ ಮರುವರ್ಷವೇ ತೀರಿಹೋಗಿದ್ದಳಂತೆ. ಜೊತೆಗಿದ್ದವಳು ಎಂಟನೆಯ ತರಗತಿಯ ಮಗಳು. ಅಪ್ಪ ನನ್ನನ್ನು ಅಕ್ಕ ಎಂದರು, ಹಾಗಾಗಿ ಅವಳಿಗೆ ನಾನು ಅತ್ತೆಯಾದೆ. ಬೀದಿಯ ಜನ ಅವಳನ್ನು ಮರಿಬೀಗ ಅನ್ನುತ್ತಿದ್ದರು. ಬಾಯಿ ಬಿಡದ ಹುಡುಗಿ, ಆದರೆ ಬಿಟ್ಟರೆ ಮುಚ್ಚುವುದು ಕಷ್ಟ.

ಅಂಗಡಿಯ ಬಾಗಿಲ ಮೇಲೆ ಬೀಗಣ್ಣ ಮೇಲಿನಿಂದ ಕೆಳಗಿನವರೆಗೆ ಬೀಗಗಳನ್ನು ಜಡಿದಿದ್ದರು. ಹಿತ್ತಾಳೆಯದು, ಕಬ್ಬಿಣದ್ದು, ಅಂಗೈಯಷ್ಟು ದೊಡ್ಡದು, ಹುಣಸೆ ಬೀಜದಷ್ಟು ಚಿಕ್ಕದು. ಗಿರಾಕಿಗಳು ರಿಪೇರಿಗೆ ಕೊಟ್ಟು ಮರೆತು ಹೋದವೇ ಹೆಚ್ಚು. ಬೋರ್ಡು ಬರೆಸಲು ದುಡ್ಡು ಯಾಕೆ ದಂಡ ಎನ್ನುತ್ತಿದ್ದರು. ಅವರಿಗೆ ಎರಡು ಕಟ್ಟಳೆ. ಬೀಗದ ಒಡೆಯ ಎದುರಿಗಿಲ್ಲದೆ ಬೀಗ ತೆಗೆಯುವುದಿಲ್ಲ. ಯಾರ ಬೀಗ ತೆಗೆದೆ ಎಂದು ಯಾರಿಗೂ ಹೇಳುವುದಿಲ್ಲ. ಟೈಲರಮ್ಮ ಎಷ್ಟು ಕೆಣಕಿದರೂ ಅವರ ಬಾಯಿಂದ ಒಂದು ಹೆಸರು ಹೊರಡಲಿಲ್ಲ.

ಮರಿಬೀಗ ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ಶಾಲೆಗೇ ಮೊದಲಿಗಳಾದಾಗ ಅವಳ ಟೀಚರ್ ಮನೆಗೆ ಬಂದರು. ಹುಡುಗಿಗೆ ಫಾರ್ಮಸಿ ಓದುವ ಆಸೆಯಿದೆ, ಇಷ್ಟು ಅಂಕಕ್ಕೆ ಫೀಸು ಮಾಫಿ ಮಾಡುವ ಕಾಲೇಜುಗಳಿವೆ, ಅರ್ಜಿ ಹಾಕಿಸಿ ಎಂದರು. ಬೀಗಣ್ಣ ಬೀಗದ ಕೈ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟರು.

“ಮಾಫಿ ಅಂದ್ರೆ?”

“ಅಂದ್ರೆ ಕಟ್ಟೋದು ಬೇಡ.”

“ಮತ್ತೆ ಕಟ್ಟೋರು ಯಾರು?”

“ಕಾಲೇಜಿನವರೇ, ದಾನಿಗಳು ಇರ್ತಾರೆ...”

“ಅವರಿಗೆ ನನ್ನ ಮಗಳಿಂದ ಏನಾಗಬೇಕು?”

ಟೀಚರ್ ಹೋದ ಮೇಲೆ ಮರಿಬೀಗ ಗೋಡೆಗೆ ಒರಗಿ ಅಳುತ್ತಿದ್ದಳು. ನಾನು ಹೇಳಿದೆ, “ನೋಡಿ ಬೀಗಣ್ಣ, ಅನುಮಾನ ಇದ್ರೆ ಹೋಗಿ ನೋಡ್ಕೊಂಡು ಬನ್ನಿ. ಇಲ್ಲೇ ಕೂತು ಹುಡುಗಿಯ ಬಾಯಿಗೆ ಬೀಗ ಹಾಕ್ಬೇಡಿ.”

“ನೋಡೋಣ,” ಎಂದರು. “ನೀವೂ ಬನ್ನಿ. ನನಗೆ ಮಾತಾಡಕ್ಕೆ ಬರಲ್ಲ.”

ಮೊದಲು ಹೋದದ್ದು ನಮ್ಮ ಊರಿನದೇ ಖಾಸಗಿ ಕಾಲೇಜಿಗೆ. ಮುಂಭಾಗಕ್ಕೆಲ್ಲ ಗಾಜು ಹಾಕಿದ್ದರಿಂದ ನಾವು ಅದನ್ನು ಗಾಜಿನ ಕಾಲೇಜು ಅನ್ನುತ್ತಿದ್ದೆವು. ಒಳಗೆ ತಂಪು ಯಂತ್ರ, ಮೆತ್ತನೆಯ ಕುರ್ಚಿ, ಕೂತೊಡನೆ ಹಣ್ಣಿನ ರಸ. ಮೇಜಿನ ಹಿಂದಿದ್ದ ಹುಡುಗಿ ಮರಿಬೀಗನ ಅಂಕಪಟ್ಟಿ ನೋಡಿ ಬಾಯ್ತುಂಬ ನಕ್ಕಳು.

“ಕಂಗ್ರಾಜುಲೇಶನ್ಸ್! ಅರ್ಧ ಫೀಸು ಮಾಫಿ. ಈ ಶುಕ್ರವಾರದೊಳಗೆ ಮುಂಗಡ ಕಟ್ಟಿಬಿಟ್ರೆ ಸೀಟು ಖಾಯಂ.”

ಬೀಗಣ್ಣ ಹಣ್ಣಿನ ರಸ ಮುಟ್ಟಲಿಲ್ಲ. “ಯಾವ ಫೀಸಲ್ಲಿ ಅರ್ಧ?”

“ಟ್ಯೂಷನ್ ಫೀಸಲ್ಲಿ.”

“ಬೇರೆ ಫೀಸು ಇದ್ಯಾ?”

ಇತ್ತು. ಪ್ರಯೋಗಾಲಯದ್ದು, ಗ್ರಂಥಾಲಯದ್ದು, ಬಟ್ಟೆಯದ್ದು, ಪರೀಕ್ಷೆಯದ್ದು, ಅಭಿವೃದ್ಧಿಯದ್ದು. ಅದನ್ನೆಲ್ಲ ಆ ಹುಡುಗಿ ಎಷ್ಟು ಮೆತ್ತಗೆ ಹೇಳಿದಳೆಂದರೆ ಮರಿಬೀಗ ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

“ಎರಡನೇ ವರ್ಷಕ್ಕೂ ಅರ್ಧ ಮಾಫಿ ಇರುತ್ತಾ?”

“ಅದು ಆಗಿನ ಪರಿಸ್ಥಿತಿ ನೋಡ್ಕೊಂಡು ಸಾರ್.”

“ಯಾರ ಪರಿಸ್ಥಿತಿ?”

ಹುಡುಗಿ ಮತ್ತೆ ನಕ್ಕಳು. ಹೊರಗೆ ಬರುವಾಗ ಬೀಗಣ್ಣ ಮೆಟ್ಟಿಲ ಹತ್ತಿರ ನಿಂತು, ಓಡಾಡುತ್ತಿದ್ದ ಹುಡುಗರನ್ನೆಲ್ಲ ಹಿಡಿದು, ಎರಡನೇ ವರ್ಷದವರು ಯಾರಪ್ಪ, ಎರಡನೇ ವರ್ಷದವರು ಯಾರು ಎಂದು ಕೇಳತೊಡಗಿದರು. ಒಬ್ಬ ಸಿಕ್ಕ. ಮೊದಲ ವರ್ಷ ಅವನಿಗೂ ಅರ್ಧ ಮಾಫಿಯಿತ್ತಂತೆ. ಈಗ ಅವನ ಅಪ್ಪ ಪೂರ್ತಿ ಕಟ್ಟುತ್ತಿದ್ದಾರಂತೆ. ನಡುವೆ ಬಿಟ್ಟರೆ ಒಂದು ವರ್ಷ ಹಾಳು, ಅದಕ್ಕೆ.

“ಬಾಗಿಲು ತೆರೆದಿಟ್ಟು ಒಳಗೆ ಬಂದ್ಮೇಲೆ ಚಿಲಕ ಹಾಕ್ತಾರೆ,” ಎಂದರು ಬೀಗಣ್ಣ ದಾರಿಯಲ್ಲಿ.

ಸರ್ಕಾರಿ ಕಾಲೇಜಿನಲ್ಲಿ ಫೀಸು ಕಮ್ಮಿ, ಆದರೆ ಅಲ್ಲಿ ಫಾರ್ಮಸಿ ಇರಲಿಲ್ಲ. ಉಳಿದದ್ದು ಪಕ್ಕದ ಊರಿನ ಒಂದು ಟ್ರಸ್ಟಿನ ಕಾಲೇಜು. ಬಣ್ಣ ಬಳಿಯದ ಇಟ್ಟಿಗೆಯ ಕಟ್ಟಡ. ನಾವು ಹೋದಾಗ ಯಾರೂ ಹಣ್ಣಿನ ರಸ ಕೊಡಲಿಲ್ಲ, ನೀರು ಬೇಕಾದರೆ ನಲ್ಲಿ ಅಲ್ಲಿದೆ ಎಂದರು. ಬಡವರ ಮಕ್ಕಳಿಗೆ ಪೂರ್ತಿ ಮಾಫಿ, ಹಾಸ್ಟೆಲ್ಲೂ ಊಟವೂ ಸೇರಿ, ಓದು ಮುಗಿಯುವವರೆಗೆ. ಆದರೆ ಅಂಕ ಬೀಳಬಾರದು. ಜೊತೆಗೆ ಸಂಪಾದನೆ, ಆಸ್ತಿ ಎಲ್ಲ ಬರೆದುಕೊಡಬೇಕು, ವರ್ಷಕ್ಕೊಮ್ಮೆ ಅವರ ಕಡೆಯವರು ಮನೆಗೆ ಬಂದು ನೋಡುತ್ತಾರೆ, ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ.

ಬೀಗಣ್ಣ ಅಲ್ಲೂ ಎರಡನೇ ವರ್ಷದವರನ್ನು ಹುಡುಕಿದರು. ಹಾಸ್ಟೆಲಿನ ಮುಂದೆ ಬಟ್ಟೆ ಒಣಹಾಕುತ್ತಿದ್ದ ಹುಡುಗಿಯರು ಸಿಕ್ಕರು. ಮೂರನೇ ವರ್ಷದವಳೂ ಇದ್ದಳು, ಅವಳಿಗೂ ಪೂರ್ತಿ ಮಾಫಿ. “ಅಂಕಲ್, ಸಾರು ಮಾತ್ರ ನೀರು ನೀರು,” ಎಂದಳು. ಆ ದೂರು ಕೇಳಿದ ಮೇಲೆಯೇ ಅವರಿಗೆ ಸ್ವಲ್ಪ ನಂಬಿಕೆ ಬಂದಂತೆ ಕಂಡಿತು.

ಆದರೆ ಬಸ್ಸಿನಲ್ಲಿ ಮತ್ತೆ ಶುರು. “ಮನೆ ನೋಡಕ್ಕೆ ಯಾಕೆ ಬರ್ತಾರೆ ಅಕ್ಕಾ?”

“ಬಡವರು ಹೌದೋ ಅಲ್ವೋ ನೋಡಕ್ಕೆ.”

“ಕಳ್ಳರೂ ಹಾಗೇ ನೋಡೋದು.”

“ಅಪ್ಪಾ!” ಎಂದಳು ಮರಿಬೀಗ. “ನಮ್ಮನೇಲಿ ಕಳ್ಳರು ಬಂದ್ರೆ ಅವರೇ ಏನಾದ್ರೂ ಇಟ್ಟುಹೋಗ್ಬೇಕು.”

ಅರ್ಜಿಯನ್ನು ಅವಳೇ ತುಂಬಿದಳು. ಮನೆಯಲ್ಲಿರುವ ಬೆಲೆಬಾಳುವ ವಸ್ತುಗಳು ಎಂಬ ಕಡೆ ಏನೂ ಇಲ್ಲ ಎಂದು ಬರೆದಳು. ಬೀಗಣ್ಣ ಅಲ್ಲಿ ಬೆರಳಿಟ್ಟು, “ವೈಸು?” ಎಂದರು. ಕೊರೆಯುವಾಗ ಕಬ್ಬಿಣ ಅಲುಗದಂತೆ ಕಚ್ಚಿ ಹಿಡಿಯುವ ಆ ಹಳೆಯ ವೈಸನ್ನೂ ಸೇರಿಸಿ ಬರೆದ ಮೇಲೆ ರುಜು ಹಾಕಿದರು. ಗಾಜಿನ ಕಾಲೇಜಿನ ಶುಕ್ರವಾರ ಹಾಗೆಯೇ ಕಳೆದುಹೋಗಲು ಬಿಟ್ಟರು. ಇನ್ನು ಇದೊಂದೇ ದಾರಿ.

ಅದೇ ಸಮಯಕ್ಕೆ ಆ ತಿಜೋರಿ ಬಂತು. ಬಟ್ಟೆ ಅಂಗಡಿಯ ಮುದುಕರೊಬ್ಬರು ತೀರಿಕೊಂಡಿದ್ದರು. ಅವರ ತಿಜೋರಿಯ ಬೀಗದ ಕೈ ಯಾರಿಗೂ ಸಿಗಲಿಲ್ಲ. ಇಬ್ಬರು ಗಂಡುಮಕ್ಕಳಿಗೆ ವರ್ಷಗಳಿಂದ ಮಾತಿಲ್ಲ. ಅಣ್ಣನ ಮನೆಯಲ್ಲಿಡಲು ತಮ್ಮ ಒಪ್ಪಲಿಲ್ಲ, ತಮ್ಮನ ಮನೆಯಲ್ಲಿಡಲು ಅಣ್ಣ ಬಿಡಲಿಲ್ಲ. ಕೊನೆಗೆ ಬೀಗಣ್ಣನ ಮನೆಯಲ್ಲಿರಲಿ, ಇಬ್ಬರೂ ಒಟ್ಟಿಗೆ ನಿಂತಾಗ ಮಾತ್ರ ತೆಗೆಯಲಿ ಎಂದು ಒಪ್ಪಂದವಾಯಿತು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ಆಗ ಬೀಗಣ್ಣ ಹೇಳಿದ್ದು, “ಯಾರದೋ ಒಂದು ಕೆಲಸ” ಎಂದಷ್ಟೇ. ನಾಲ್ಕು ಆಳು ಸೇರಿ ಅದನ್ನು ಹಿಂದಿನ ಕೋಣೆಯ ನಡುವೆ ಇಳಿಸಿ ಹೋದರು. ಅಣ್ಣತಮ್ಮಂದಿರು ಒಟ್ಟಿಗೆ ಬರುವುದಂತೂ ಆಗಲಿಲ್ಲ. ಒಬ್ಬರು ಬರುತ್ತೇನೆಂದ ದಿನ ಇನ್ನೊಬ್ಬರಿಗೆ ಹೊಟ್ಟೆನೋವು. ಮರಿಬೀಗ ಅದರ ಮೇಲೆ ಒಂದು ಹಳೆಯ ದುಪ್ಪಟಿ ಹಾಸಿ, ಓದುವ ಮೇಜು ಮಾಡಿಕೊಂಡಳು. ಅವಳ ಎತ್ತರಕ್ಕೆ ಸರಿಯಾಗಿತ್ತು.

ಕಾಲೇಜಿನವರು ಹೇಳದೆ ಕೇಳದೆ ಒಂದು ಮಧ್ಯಾಹ್ನ ಬಂದುಬಿಟ್ಟರು. ದಪ್ಪ ಕನ್ನಡಕದ ಒಬ್ಬ ಗಂಡಸು, ಜೊತೆಗೆ ಚೂಪು ಮುಖದ ಒಬ್ಬ ಮೇಡಂ. ನಾನು ಬಟ್ಟೆ ಒಣಹಾಕುತ್ತಾ ಎಲ್ಲ ನೋಡುತ್ತಿದ್ದೆ. ಬೀಗಣ್ಣ ಬಾಗಿಲಿಗೆ ಅಡ್ಡ ನಿಂತರು.

“ಕಾಲೇಜಿಂದ ಅಂದ್ರಲ್ಲ. ನಿಮ್ಮ ಕಾಲೇಜಿನ ಹಾಸ್ಟೆಲ್ ಮುಂದೆ ಏನಿದೆ?”

ಕನ್ನಡಕದವರು ಮೇಡಂ ಮುಖ ನೋಡಿದರು. “ಏನಿದೆ ಅಂದ್ರೆ? ಬಟ್ಟೆ ಒಣಹಾಕೋ ತಂತಿ ಇದೆ. ಬೇವಿನ ಮರ ಇದೆ.”

“ಸಾರು ಹೇಗಿರುತ್ತೆ?”

“ಅಪ್ಪಾ, ಒಳಗೆ ಬಿಡಪ್ಪಾ!” ಒಳಗಿನಿಂದ ಮರಿಬೀಗನ ದನಿ ಅಳು ಬಂದಂತಿತ್ತು.

ಬಿಟ್ಟರು. ಮೇಡಂ ಬಾಗಿಲ ಮೇಲಿನ ಬೀಗಗಳನ್ನು ಬೆರಳಲ್ಲಿ ಮುಟ್ಟಿ ನೋಡಿದರು. “ಇಷ್ಟೊಂದು ಬೀಗ? ಒಳಗೆ ಅಂಥದ್ದೇನಿಟ್ಟಿದ್ದೀರಿ?”

“ಅದು ನನ್ನ ಬೋರ್ಡು ಮೇಡಂ.”

ಆಮೇಲೆ ಅವರ ಕಣ್ಣು ದುಪ್ಪಟಿಯ ಕೆಳಗಿನ ಕಬ್ಬಿಣದ ಕಾಲುಗಳ ಮೇಲೆ ಬಿತ್ತು. ದುಪ್ಪಟಿ ಎತ್ತಿದರು. ನಾನು ಅಷ್ಟು ಹೊತ್ತಿಗೆ ಹಿಂದಿನ ಬಾಗಿಲಲ್ಲಿದ್ದೆ.

“ಇದು ತಿಜೋರಿ ಅಲ್ವಾ?”

“ಹೌದು.”

“ಒಳಗೇನಿದೆ?”

“ಗೊತ್ತಿಲ್ಲ.”

“ನಿಮ್ಮ ಮನೇಲಿರೋ ತಿಜೋರೀಲಿ ಏನಿದೆ ಅಂತ ನಿಮಗೇ ಗೊತ್ತಿಲ್ವಾ?”

“ನಂದಲ್ಲ.”

“ಮತ್ತೆ ಯಾರದು?”

“ಅದನ್ನ ಹೇಳಲ್ಲ.”

ಕನ್ನಡಕದವರು ಸಮಾಧಾನದಿಂದಲೇ ಕೇಳಿದರು. “ಹೋಗ್ಲಿ, ತೆಗೆದು ತೋರಿಸಿ. ನೀವೇ ಬೀಗದವರಲ್ವಾ?”

“ಒಡೆಯರಿಲ್ಲದೆ ತೆಗೆಯಲ್ಲ ಸಾರ್.”

ಮೇಡಂ ಮರಿಬೀಗನ ಪುಸ್ತಕಗಳನ್ನೂ ತಿಜೋರಿಯನ್ನೂ ಬೀಗಣ್ಣನನ್ನೂ ಒಂದೊಂದಾಗಿ ನೋಡಿದರು. ಆ ನೋಟ ನನಗೆ ಗೊತ್ತಿತ್ತು. ಹಾಲು ಉಕ್ಕಿದ ದಿನ ಬೀಗಣ್ಣ ನನ್ನನ್ನು ನೋಡಿದ್ದು ಹಾಗೆಯೇ.

ನನ್ನನ್ನೂ ಕೇಳಿದರು. ಬಂಗಾರದಂಥ ಮನುಷ್ಯ, ಕೆಟ್ಟ ಚಟವಿಲ್ಲ, ಪರರ ಸ್ವತ್ತು ಮುಟ್ಟುವವರಲ್ಲ ಎಂದೆ. ಟೈಲರಮ್ಮನೂ ಹಾಗೇ ಹೊಗಳಿದಳಂತೆ. ಎಲ್ಲವನ್ನೂ ಬರೆದುಕೊಂಡು ಹೋದರು.

ಹದಿನೈದು ದಿನದೊಳಗೆ ಕಾಗದ ಬಂತು. ಮನೆಯಲ್ಲಿರುವ ಆಸ್ತಿಯ ವಿವರ ಮುಚ್ಚಿಟ್ಟಿರುವಂತೆ ಕಂಡುಬಂದದ್ದರಿಂದ ಅರ್ಜಿ ತಿರಸ್ಕರಿಸಲಾಗಿದೆ.

ಬೀಗಣ್ಣ ಆ ಕಾಗದ ಹಿಡಿದುಕೊಂಡು ನಮ್ಮ ಅಡುಗೆಮನೆಗೇ ಬಂದರು. “ಅಕ್ಕಾ, ನೀವು ಏನು ಹೇಳಿದ್ರಿ ಅವರಿಗೆ?”

“ನಾನಾ?”

“ಯಾರೋ ಏನೋ ಹೇಳಿದ್ದಾರೆ. ಟೈಲರಮ್ಮ ಹೇಳಿದ್ರಾ?”

ನನಗೆ ಸಿಟ್ಟು ನೆತ್ತಿಗೇರಿತು. “ಯಾರೂ ಏನೂ ಹೇಳಿಲ್ಲ! ನಿಮ್ಮ ಮನೆ ನಟ್ಟನಡುವೆ ತಿಜೋರಿ ಕೂತಿದೆ, ಅದೇ ಹೇಳ್ತು. ನನ್ನ ಮನೆ ನಂದು ಅಂತ ಆವತ್ತು ನನ್ನ ಹತ್ರ ಎಷ್ಟು ಸಾಕ್ಷಿ ಕೇಳಿದ್ರಿ? ಈಗ ತಿಜೋರಿ ನಂದಲ್ಲ ಅಂತ ನೀವು ಹೇಳಿದ್ರೆ ಅವರು ಯಾಕೆ ನಂಬಬೇಕು?”

ಅವರು ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ನಮ್ಮ ಮನೆಯ ಫೋನಿನಿಂದಲೇ ಕಾಲೇಜಿಗೆ ಮಾತಾಡಿದರು. ಆ ಮೇಡಂ ಖಡಾಖಂಡಿತವಾಗಿ ಹೇಳಿದರಂತೆ: ಶನಿವಾರ ಸಂಜೆ ಪಟ್ಟಿ ಮುಗಿಯುತ್ತದೆ. ಅಷ್ಟರೊಳಗೆ ತಿಜೋರಿ ನಮ್ಮೆದುರು ತೆರೆಯಬೇಕು, ಒಡೆಯರು ಬಂದು ಇದು ನಮ್ಮದು ಎನ್ನಬೇಕು. ಅದಕ್ಕಾಗಿ ನಾವು ಮತ್ತೆ ಅಷ್ಟು ದೂರ ಬರುವುದಿಲ್ಲ.

ಮರಿಬೀಗ ಅಪ್ಪನ ಎದುರು ಕೂತು ಕೈಹಿಡಿದಳು. “ಅಪ್ಪಾ, ಒಂದ್ಸಲ ತೆಗೆದು ಒಳಗೆ ಏನಿದೆ ಅಂತ ಒಂದು ಫೋಟೋ ಕಳಿಸೋಣ. ಮತ್ತೆ ಮುಚ್ಚಿಬಿಡು. ಯಾರಿಗೆ ಗೊತ್ತಾಗುತ್ತೆ?”

“ಫೋಟೋ ನೋಡಿದೋರಿಗೆ ಗೊತ್ತಾಗುತ್ತೆ. ಅವರು ಇನ್ನೊಬ್ರಿಗೆ ಹೇಳ್ತಾರೆ. ಒಂದ್ಸಲ ಹೀಗೆ ಕದ್ದು ತೆಗೆದ ಅಂತ ಗೊತ್ತಾದ್ರೆ ಮುಗೀತು, ಈ ಊರಲ್ಲಿ ಎಲ್ಲಿ ಕಳುವಾದ್ರೂ ಮೊದ್ಲು ನನ್ನ ಬಾಗಿಲಿಗೇ ಬರ್ತಾರೆ. ನಾಳೆ ನಿನ್ನ ಹಾಸ್ಟೆಲ್ಲಿಗೂ ಬರ್ತಾರೆ.”

“ಹಾಸ್ಟೆಲ್ಲೆಲ್ಲಿ ಬಂತು ಇನ್ನು,” ಎಂದು ಅವಳು ಎದ್ದು ಹೋದಳು.

ಮಾರನೆಯ ದಿನ ಬೀಗಣ್ಣ ಅಂಗಿ ಬದಲಿಸಿ ಹೊರಟರು. ಅಣ್ಣನ ಅಂಗಡಿಗೆ ಹೋಗಿ, ಶನಿವಾರ ಬೆಳಿಗ್ಗೆ ತಿಜೋರಿ ಊರಾಚೆ ಹೋಗುತ್ತದೆ ಎಂದಷ್ಟೇ ಹೇಳಿದರು. ಎಲ್ಲಿಗೆ, ಯಾಕೆ ಎಂದು ಕೇಳಿದ್ದಕ್ಕೆ, ಬಂದರೆ ನೋಡುತ್ತೀರಿ ಎಂದರು. ತಮ್ಮನ ಅಂಗಡಿಗೂ ಹೋಗಿ ಅದನ್ನೇ ಹೇಳಿದರು. ಇನ್ನೊಬ್ಬನಿಗೆ ಗೊತ್ತಾ ಎಂದು ಇಬ್ಬರೂ ಕೇಳಿದರಂತೆ. ಇಬ್ಬರಿಗೂ ಇವರು ಕೊಟ್ಟ ಉತ್ತರ ಒಂದೇ: “ಅವರನ್ನೇ ಕೇಳಿ.” ಅವರು ಮಾತಾಡಿಕೊಳ್ಳುವುದಿಲ್ಲವೆಂದು ಇವರಿಗೆ ಗೊತ್ತಿಲ್ಲವೇ?

ಶನಿವಾರ ಸೂರ್ಯ ಮೂಡುವ ಮೊದಲೇ ಅಣ್ಣ ನಮ್ಮ ಗೇಟಿನ ಬಲಗಡೆ, ತಮ್ಮ ಎಡಗಡೆ. ನಾನು ಚಹಾ ಕೊಟ್ಟರೆ, ಅವನಿಗೆ ಕೊಟ್ಟಿದ್ದರಲ್ಲೇ ನನಗೂ ಕೊಟ್ಟಿರಾ ಎಂಬಂತೆ ಇಬ್ಬರೂ ಲೋಟದೊಳಗೆ ನೋಡಿದರು. ಬಾಡಿಗೆ ಟೆಂಪೋ ಬಂತು. ತಿಜೋರಿಯನ್ನು ಹಿಂದೆ ಏರಿಸಿದಾಗ ಅಣ್ಣ ಒಂದು ಮಗ್ಗುಲಿಗೆ, ತಮ್ಮ ಇನ್ನೊಂದು ಮಗ್ಗುಲಿಗೆ ಕೂತು ಅದರ ಮೇಲೆ ಕೈಯಿಟ್ಟರು. ಬೀಗಣ್ಣ ಚೀಲ ತಬ್ಬಿಕೊಂಡು ಅವರ ಎದುರಿಗೆ ಕೂತರು. ಡ್ರೈವರನ ಪಕ್ಕ ನಾನು ಮತ್ತು ಮರಿಬೀಗ. ದಾರಿಯುದ್ದಕ್ಕೂ ಅವಳು ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದಳು.

“ಅತ್ತೆ, ಯಾರೂ ಮಾತಾಡ್ತಿಲ್ಲ.”

“ಮಾತಾಡಿದ್ರೆ ಟೆಂಪೋ ಮಗುಚುತ್ತೆ, ಸುಮ್ನಿರು.”

ಇಟ್ಟಿಗೆ ಕಾಲೇಜಿನ ಅಂಗಳದಲ್ಲಿ ತಿಜೋರಿ ಇಳಿಸಿದಾಗ ಹುಡುಗ ಹುಡುಗಿಯರು ಕಿಟಕಿಗಳಲ್ಲಿ ಗುಂಪಾದರು. ಕನ್ನಡಕದವರೂ ಮೇಡಮ್ಮೂ ಕುರ್ಚಿ ತರಿಸಿಕೊಂಡು ಕೂತರು. ಕಾಲೇಜಿನ ಅಂಗಳ ಯಾಕೆಂದು ಅಣ್ಣತಮ್ಮಂದಿರಿಗೆ ಅರ್ಥವಾಗಲಿಲ್ಲ. ಆದರೆ ಇದು ಯಾರದು ಎಂದು ಮೇಡಂ ಕೇಳಿದ ಕೂಡಲೇ ಇಬ್ಬರೂ ಒಟ್ಟಿಗೆ, “ನಂದು!” ಎಂದರು. ಮೇಡಂ ತುಟಿ ಬಿಗಿಹಿಡಿದು ಅದನ್ನು ಬರೆದುಕೊಂಡರು.

ಬೀಗಕ್ಕೆ ತುಕ್ಕು ಹಿಡಿದಿತ್ತು. ಬೀಗಣ್ಣ ಎಣ್ಣೆ ಬಿಟ್ಟರು, ಕಾದರು, ತಂತಿ ತೂರಿಸಿದರು, ತೆಗೆದರು, ಇನ್ನೊಂದನ್ನು ಅರದಲ್ಲಿ ಉಜ್ಜಿ ತಗ್ಗಿಸಿದರು. ನೆರಳು ಸರಿದು ಬಿಸಿಲು ಅವರ ಬೆನ್ನಿಗೆ ಬಂತು. ಕಿಟಕಿಗಳಲ್ಲಿದ್ದವರು ಊಟಕ್ಕೆ ಹೋಗಿ ವಾಪಸು ಬಂದರು. ತುಕ್ಕಿನ ಪುಡಿ ಅವರ ಮೊಣಕಾಲಿನ ಮೇಲೆಲ್ಲ ಉದುರಿತ್ತು. ಕೊನೆಗೆ ಒಳಗೆಲ್ಲೋ ಟಕ್ ಎಂದಿತು. ಅವರು ಹಿಡಿ ತಿರುಗಿಸಿ, ಬಾಗಿಲನ್ನು ತಾವು ಎಳೆಯದೆ ಎದ್ದು ಹಿಂದೆ ಸರಿದರು.

ಅಣ್ಣ ತಮ್ಮ ಇಬ್ಬರೂ ಎಳೆದರು. ಒಳಗಿದ್ದದ್ದು ಒಂದು ಕೆಟ್ಟ ಟಾರ್ಚು, ರಟ್ಟಿನ ಡಬ್ಬದ ತುಂಬ ಅಂಗಿ ಗುಂಡಿಗಳು, ಹಳೆಯ ಕ್ಯಾಲೆಂಡರುಗಳ ಸುರುಳಿ, ಮತ್ತೆ ಆ ತಿಜೋರಿಯದೇ ಎರಡನೆಯ ಬೀಗದ ಕೈ.

ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಣ್ಣ ಗುಂಡಿಯ ಡಬ್ಬವನ್ನು ನೆಲಕ್ಕೆ ಸುರಿದು ಕೈಯಾಡಿಸಿದ. ತಮ್ಮ ತಿಜೋರಿಯೊಳಗೆ ತಲೆ ಹಾಕಿ ಬಡಿದು ನೋಡಿದ. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಷ್ಟು ವರ್ಷಕ್ಕೋ ಏನೋ. ನೋಡಿಕೊಂಡು, ಒಟ್ಟಿಗೆ ಬೀಗಣ್ಣನ ಕಡೆ ತಿರುಗಿದರು.

“ನಮ್ಮಪ್ಪ ಗುಂಡಿಗೆ ತಿಜೋರಿ ಇಟ್ಕೊಂಡಿದ್ರಾ?” ಎಂದ ಅಣ್ಣ.

“ಇಷ್ಟು ದಿನ ಇವರ ಮನೇಲೇ ಇತ್ತಲ್ಲಣ್ಣಾ,” ಎಂದ ತಮ್ಮ.

“ತೆಗೆಯಕ್ಕೆ ಎಷ್ಟು ಹೊತ್ತು ಮಾಡಿದ್ರು ನೋಡು. ನಾಟಕ.”

ಬೇಗ ತೆಗೆದಿದ್ದರೆ ಮೊದಲೇ ತೆಗೆದು ಅಭ್ಯಾಸವಿತ್ತು ಅನ್ನುತ್ತಿದ್ದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಬೀಗಣ್ಣ ಕೈಸನ್ನೆ ಮಾಡಿ ತಡೆದರು. ಅವರ ಕಣ್ಣು ಮೇಡಂ ಕಡೆಗಿತ್ತು. ಮೇಡಂ ತುಕ್ಕಿನ ಪುಡಿಯನ್ನು ನೋಡಿದರು, ಗುಂಡಿಗಳನ್ನು ನೋಡಿದರು, ಕನ್ನಡಕದವರ ಜೊತೆ ಪಿಸುಗುಟ್ಟಿದರು. ಆಮೇಲೆ ಮರಿಬೀಗನನ್ನು ಕರೆದು, “ಸೋಮವಾರ ಹಾಸಿಗೆ ಬಟ್ಟೆ ತಗೊಂಡು ಬಾಮ್ಮ,” ಎಂದರು.

ಹುಡುಗಿ ಅಲ್ಲೇ ಗುಂಡಿಗಳ ನಡುವೆ ಕುಸಿದು ಕೂತಳು. ಬೀಗಣ್ಣ ಮಾತ್ರ ಮೇಡಂ ಹತ್ತಿರ ಹೋಗಿ, “ಎರಡನೇ ವರ್ಷಕ್ಕೂ ಇರುತ್ತಲ್ಲ?” ಎಂದರು.

“ಇರುತ್ತೆ. ಆದ್ರೆ ವರ್ಷಾವರ್ಷ ಬಂದು ನೋಡ್ತೀವಿ.”

“ಬರೆದುಕೊಡಿ.”

ಬರೆದುಕೊಟ್ಟರು. ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಊರಿಗೆ ವಾಪಸಾದರು.

ಮರಿಬೀಗ ಓದಿ ಮುಗಿಸಿದಳು. ಈಗ ಆಸ್ಪತ್ರೆಯೊಂದರ ಔಷಧ ವಿಭಾಗ ಅವಳ ಕೈಯಲ್ಲಿದೆ. ನನ್ನ ರಕ್ತದೊತ್ತಡದ ಮಾತ್ರೆಗಳನ್ನು ಅವಳೇ ಕಳಿಸುತ್ತಾಳೆ, ತೆಗೆದುಕೊಂಡೆನೋ ಇಲ್ಲವೋ ಎಂದು ಫೋನಿನಲ್ಲಿ ಎಣಿಸಿಯೂ ನೋಡುತ್ತಾಳೆ. ಅಪ್ಪನ ಮಗಳೇ ಸರಿ.

ಆದರೆ ಅಪ್ಪನ ಕೆಲಸ ಆ ಶನಿವಾರದಿಂದಲೇ ಇಳಿಯತೊಡಗಿತು. ಅಣ್ಣತಮ್ಮಂದಿರಿಗೆ ಆಡಲು ಈಗ ಒಂದೇ ಮಾತಿತ್ತು, ಇಬ್ಬರ ಅಂಗಡಿಯಲ್ಲೂ ಅದೇ ಮಾತು. ಜನ ಬೀಗಣ್ಣ ರಿಪೇರಿ ಮಾಡಿದ್ದ ಬೀಗಗಳನ್ನು ಬಿಚ್ಚಿ ಹೊಸದು ಹಾಕಿಸಿದರು. ಮಾರ್ಕೆಟ್ಟಿನ ಹತ್ತಿರ ಒಂದು ಮನೆ ಕಳುವಾದಾಗ ಪೊಲೀಸರು ಬಂದು ಅವರನ್ನು ಠಾಣೆಗೆ ಕರೆದೊಯ್ದು ಸಂಜೆಯವರೆಗೆ ಕೂರಿಸಿಕೊಂಡರು. ಕಳ್ಳ ಸಿಕ್ಕಿದ, ಅವನು ಆ ಮನೆಯ ಅಳಿಯನೇ. ಆದರೆ ಬೀಗಣ್ಣ ಠಾಣೆಗೆ ಹೋಗಿದ್ದನ್ನು ನೋಡಿದವರೇ ಹೆಚ್ಚು, ಬಿಡುಗಡೆಯಾದದ್ದನ್ನು ಕೇಳಿದವರು ಕಮ್ಮಿ. ಟೈಲರಮ್ಮ ಒಂದು ದಿನ ದನಿ ತಗ್ಗಿಸಿ ಕೇಳಿದಳು, “ಅಕ್ಕಾ, ನಿಮಗೆ ನಿಜವಾಗ್ಲೂ ಒಂಚೂರೂ ಅನುಮಾನ ಇಲ್ವಾ?”

“ಆ ತುಕ್ಕು ನಾನು ಕಣ್ಣಾರೆ ನೋಡಿದ್ದೀನಿ ಕಣೇ.”

“ತುಕ್ಕು ಹಚ್ಚಕ್ಕೂ ಬರಬಹುದಪ್ಪ ಅವರಿಗೆ,” ಎಂದಳು. ಕೆಟ್ಟವಳಲ್ಲ ಅವಳು. ಎಲ್ಲರೂ ಆಡುವುದನ್ನು ಆಡಿದಳು ಅಷ್ಟೇ.

ಮಗಳು ಕಾಲೇಜು ಸೇರಿದ ಆ ವರ್ಷದ ಕೊನೆಗೆ ಬೀಗಣ್ಣ ದೂರದ ಊರಿನ ಒಂದು ಬೀಗದ ಕಾರ್ಖಾನೆಗೆ ಸೇರಿದರು. ಸಂಬಳದ ಕೆಲಸ. ಇಡೀ ದಿನ ನಿಂತು ಹಿತ್ತಾಳೆ ಉಜ್ಜಬೇಕು. ಹೊಸ ಬೀಗಗಳು, ಇನ್ನೂ ಯಾರವೂ ಅಲ್ಲ, ಅದಕ್ಕೆ ಅಲ್ಲಿ ತಲೆಬಿಸಿಯಿಲ್ಲ ಎಂದರು. ಆದರೆ ನಮ್ಮ ಮನೆಯ ಕೋಣೆಗಳನ್ನು ಬಿಡಲಿಲ್ಲ. ಕಾಲೇಜಿನ ಕಾಗದದಲ್ಲಿರುವುದು ಇದೇ ವಿಳಾಸ, ಮನೆ ಬದಲಿಸಿದರೆ ಏನೋ ಮುಚ್ಚಿಡುತ್ತಿದ್ದೇನೆ ಅಂದುಕೊಳ್ಳುತ್ತಾರೆ ಎಂದು ಬಾಡಿಗೆ ಕಳಿಸುತ್ತಲೇ ಇದ್ದರು. ಬೇಡವೆಂದರೆ, “ಯಾಕೆ ಬೇಡ?” ಎಂದು ಅದಕ್ಕೂ ಅನುಮಾನ.

ಮೊದಲ ಸಲದ ವಾರ್ಷಿಕ ತಪಾಸಣೆಗೆ ಅವರೇ ರಜೆ ಹಾಕಿ ಬಂದು ನಿಂತಿದ್ದರು. ಅದರ ಮುಂದಿನ ವರ್ಷ ಅವರಿಗೆ ಎದೆಯ ಕಾಯಿಲೆ ಹಿಡಿಯಿತು. ಹಿತ್ತಾಳೆಯ ಪುಡಿ ಕುಡಿದೂ ಕುಡಿದೂ ಹಾಗಾಯಿತು ಎಂದರು ಡಾಕ್ಟರು. ನಾನು ಬಸ್ಸು ಹತ್ತಿ ಆ ಕಾರ್ಖಾನೆಯ ಊರಿನ ಆಸ್ಪತ್ರೆಗೆ ಹೋದೆ. ಉದ್ದನೆಯ ವಾರ್ಡು, ಕಿಟಕಿಯ ಪಕ್ಕದ ಮಂಚ. ಮಗಳಿಗೆ ಪರೀಕ್ಷೆ ಇತ್ತು, ಇವರೇ ಹಟ ಮಾಡಿ ಅವಳನ್ನು ಕಾಲೇಜಿಗೆ ವಾಪಸು ಕಳಿಸಿದ್ದರು. ನಾನು ತಂದಿದ್ದ ಹಾಲನ್ನು ಮೂಸಿ ನೋಡಿ ಕುಡಿದರು. ಮಾತಾಡಿದರೆ ಉಬ್ಬಸ ಬರುತ್ತಿತ್ತು, ಆದರೂ ನನ್ನನ್ನು ಹತ್ತಿರ ಕರೆದು, ಪಕ್ಕದ ಮಂಚದವನು ನಿದ್ದೆ ಮಾಡುತ್ತಿದ್ದಾನೆಯೇ ಎಂದು ಎರಡು ಸಲ ನೋಡಿದರು.

“ಮುಂದಿನ ವಾರ ಅವರು ಮನೆ ನೋಡಕ್ಕೆ ಬರ್ತಾರೆ ಅಕ್ಕಾ. ನಾನಿರಲ್ಲ. ನಿಮ್ಮನ್ನ ಕೇಳೇ ಕೇಳ್ತಾರೆ, ಮನುಷ್ಯ ಹೆಂಗೆ ಅಂತ.”

“ಹೇಳ್ತೀನಿ ಬಿಡಿ. ನಿಮ್ಮಂಥ ಒಳ್ಳೆಯೋರು...”

“ಅದೇ ಬೇಡ.” ಕೈ ಎತ್ತಿ ತಡೆದರು. ಉಸಿರು ಸರಿಹೋಗುವವರೆಗೆ ಕಾದೆ. “ಆವತ್ತು ಎಲ್ರೂ ಸೇರಿ ಬರೀ ಹೊಗಳಿದ್ರಿ. ನಾನಾಗಿದ್ರೂ ನಂಬ್ತಿರಲಿಲ್ಲ. ಈ ಸಲ ಬೈಯಿರಿ. ಜುಗ್ಗ ಅನ್ನಿ. ಬಾಗಿಲಿಗೆ ಬಂದೋರನ್ನ ನಿಲ್ಲಿಸಿ ಜೀವ ತಿಂತಾನೆ ಅನ್ನಿ. ನನ್ನ ಮೇಲೇ ಅನುಮಾನ ಪಟ್ಟ, ಅಡುಗೆಮನೆಗೇ ನುಗ್ಗಿ ಕೇಳಿದ ಅನ್ನಿ, ಅದು ನಿಜಾನೇ ತಾನೆ. ಎಲ್ಲಾ ಬೈದು ಮುಗಿಸಿ, ಅವರು ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೆ, ಏನೋ ಆಗ ನೆನಪಾಯ್ತು ಅನ್ನೋ ಹಾಗೆ, ಅವನ ಹತ್ರ ದುಡ್ಡಂತೂ ಇಲ್ಲ ಅಂತ ಒಂದು ಮಾತು ಹೇಳಿ. ಹಂಗೆ ಹೇಳಿದ್ರೆ ನಂಬ್ತಾರೆ. ಹೇಳ್ತೀರಾ ಅಕ್ಕಾ?”